ಕಲ್ಲಿದ್ದಲು ಗಣಿಯ ಸುತ್ತಲಿನ ನೀರು: ಯಾವತ್ತಿನಿಂದ ಅಳೆಯಬೇಕು, ಯಾವತ್ತಿನವರೆಗೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಒಳನಾಡಿನಲ್ಲಿ ಡೂಂಗ್ಮಬುಲ್ಲ ಅನ್ನುವ ಒರತೆಗಳಿವೆ. ಸುತ್ತಲೂ ಒಣ ನೆಲ. ನಡುವೆ ನೆಲದೊಳಗಿನಿಂದ ತಾನಾಗಿ ಉಕ್ಕುವ ನೀರು, ಅದನ್ನೇ ನಂಬಿಕೊಂಡ ನೂರಕ್ಕೂ ಹೆಚ್ಚು ಸಣ್ಣಪುಟ್ಟ ಜೌಗುಗಳು. ಅಲ್ಲಿನ ಮೂಲನಿವಾಸಿಗಳಾದ ವಾಂಗನ್ ಮತ್ತು ಜಗಲಿಂಗು ಜನರಿಗೆ ಇದು ಪವಿತ್ರ ಜಾಗ. ಇದರ ಸಮೀಪದ ಅದಾನಿ ಕಂಪನಿಯ ಕಾರ್ಮೈಕಲ್ ಕಲ್ಲಿದ್ದಲು ಗಣಿಗೆ ಅನುಮತಿ ಕೊಡುವಾಗ ಸರ್ಕಾರ ಒಂದು ಷರತ್ತು ಹಾಕಿತು. ಗಣಿಯಿಂದಾಗಿ ಒರತೆಗಳ ಬಳಿ ಅಂತರ್ಜಲ ಮಟ್ಟ 20 ಸೆಂಟಿಮೀಟರ್‌ಗಿಂತ ಜಾಸ್ತಿ ಇಳಿಯಬಾರದು.

ಅಂದರೆ ಹೆಚ್ಚುಕಡಿಮೆ ಒಂದು ಗೇಣು. ದಶಕಗಳ ಕಾಲ ಅಗೆಯುವ ಗಣಿ, ಒಂದರ ಮೇಲೊಂದು ಕೂತ ಕಲ್ಲಿನ ಪದರಗಳು, ನಡುವೆ ಕಿಲೋಮೀಟರ್‌ಗಟ್ಟಲೆ ದೂರ. ಇಷ್ಟೆಲ್ಲ ಇರುವಾಗ ನೀರು ಒಂದು ಗೇಣು ಇಳಿಯುತ್ತದೋ ಎರಡು ಗೇಣೋ ಅಂತ ಮೊದಲೇ ಹೇಳುವುದು ಹೇಗೆ? ಕಂಪನಿಯ ಕಂಪ್ಯೂಟರ್ ಲೆಕ್ಕ ಆ ಮಿತಿಗೆ ತುಸು ಕೆಳಗೆ ಬಂದು ನಿಂತಿತು. ಅದನ್ನು ಪರಿಶೀಲಿಸಿದ ಆಸ್ಟ್ರೇಲಿಯಾ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಸಿಎಸ್‌ಐಆರ್‌ಒ ಮತ್ತು ಜಿಯೋಸೈನ್ಸ್ ಆಸ್ಟ್ರೇಲಿಯಾ ಲೆಕ್ಕದಲ್ಲಿ ಕೊರತೆಗಳಿವೆ ಅಂದವು. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿತ್ತು. ಒರತೆಗೆ ನೀರು ಬರುತ್ತಿರುವುದು ಯಾವ ಪದರದಿಂದ? ಕಲ್ಲಿದ್ದಲಿಗೂ ಒರತೆಗೂ ನಡುವೆ ನೀರು ಸುಲಭಕ್ಕೆ ಬಿಡದ ಒಂದು ಪದರವಿದೆ. ಅದರ ಮೇಲಿನ ಮರಳುಗಲ್ಲಿನಿಂದ ಮಾತ್ರ ನೀರು ಬರುತ್ತಿದ್ದರೆ ಅಪಾಯ ಕಡಿಮೆ. ಕಲ್ಲಿದ್ದಲಿನ ಜೊತೆಗಿರುವ ಕೆಳಗಿನ ಪದರಗಳಿಂದಲೂ ಬರುತ್ತಿದ್ದರೆ ಅಪಾಯ ಜಾಸ್ತಿ. 2019ರಲ್ಲಿ ಅಂತರ್ಜಲ ಯೋಜನೆಗೆ ಒಪ್ಪಿಗೆ ಸಿಕ್ಕಾಗಲೂ ಇದು ಬಗೆಹರಿದಿರಲಿಲ್ಲ. ಒರತೆಯ ಮೂಲ ಯಾವುದು ಅಂತ ಮುಂದೆ ಇನ್ನಷ್ಟು ಅಧ್ಯಯನ ಮಾಡಬೇಕು ಅನ್ನುವುದು ಒಪ್ಪಿಗೆಯ ಭಾಗವೇ ಆಯಿತು. ಮೊದಲು ತಿಳಿಯಬೇಕಾದದ್ದು ಆಮೇಲೆ ತಿಳಿಯುವ ವಿಷಯವಾಯಿತು.

ಈ ಪ್ರಕರಣವನ್ನು ಮೊದಲಿಗೆ ಇಟ್ಟಿದ್ದಕ್ಕೆ ಕಾರಣವಿದೆ. ಗಣಿ ನೀರಿನ ಮೇಲೆ ಮಾಡುವ ಪರಿಣಾಮ ಅಂದರೆ ಅದೊಂದು ವ್ಯತ್ಯಾಸ. ಗಣಿ ಇದ್ದಾಗ ಇರುವ ನೀರಿಗೂ, ಗಣಿ ಬಾರದೇ ಇದ್ದಿದ್ದರೆ ಇರುತ್ತಿದ್ದ ನೀರಿಗೂ ಇರುವ ವ್ಯತ್ಯಾಸ. ಮೊದಲನೆಯದನ್ನು ಅಳೆಯಬಹುದು. ಎರಡನೆಯದನ್ನು ಯಾರೂ ನೋಡಲಾರರು, ಹಳೆಯ ಅಳತೆಗಳಿಂದ ಊಹಿಸಬೇಕಷ್ಟೆ. ಹಾಗಾಗಿ ಅಳತೆ ಯಾವತ್ತು ಶುರುವಾಯಿತು, ಎಲ್ಲಿಯವರೆಗೆ ಹರಡಿತು, ಯಾವತ್ತು ನಿಂತಿತು ಅನ್ನುವುದೇ ಉತ್ತರವನ್ನು ಅರ್ಧ ಬರೆದುಬಿಡುತ್ತದೆ. ಗಣಿಗೆ ಅನುಮತಿ ಕೇಳುವಾಗ ಕೊಡುವ ಎಷ್ಟೋ ಪರಿಣಾಮ ವರದಿಗಳಲ್ಲಿ ಗಣಿತ ಸರಿಯಾಗಿಯೇ ಇರುತ್ತದೆ. ಅಳತೆ ಮಾತ್ರ ತಡವಾಗಿ ಶುರುವಾಗಿರುತ್ತದೆ, ಬೇಗ ಮುಗಿದಿರುತ್ತದೆ.

ನೀರು ಗಣಿಯ ಕಡೆ ತಿರುಗುವುದು ಹೇಗೆ

ಬೇಸಿಗೆಯಲ್ಲಿ ಬತ್ತಿದ ಹೊಳೆಯ ಮರಳಿನಲ್ಲಿ ಗುಂಡಿ ತೋಡಿದರೆ ನಾಲ್ಕೂ ಕಡೆಯಿಂದ ನೀರು ಒಸರಿ ಬರುತ್ತದೆ. ಮೊಗೆದಷ್ಟೂ ಬರುತ್ತದೆ, ಸುತ್ತಲಿನ ಮರಳು ಮಾತ್ರ ಒಣಗುತ್ತಾ ಹೋಗುತ್ತದೆ. ಗಣಿಯಲ್ಲಿ ನಡೆಯುವುದೂ ಇದೇ, ಪ್ರಮಾಣ ಮಾತ್ರ ಬೇರೆ. ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಅಗೆದರೆ ಗಣಿಗೆ ನೀರು ನುಗ್ಗುತ್ತದೆ. ಕೆಲಸ ಸಾಗಬೇಕಾದರೆ ಅದನ್ನು ಪಂಪು ಹಾಕಿ ಹೊರಗೆ ಎತ್ತುತ್ತಲೇ ಇರಬೇಕು. ಆಗ ಸುತ್ತಲಿನ ನೀರಿನ ಮಟ್ಟ ಗಣಿಯ ಕಡೆಗೆ ವಾಲುತ್ತದೆ. ಗಣಿಯ ಬಳಿ ತುಂಬಾ ಆಳಕ್ಕೆ, ದೂರ ಹೋದಂತೆ ಸ್ವಲ್ಪ ಸ್ವಲ್ಪ. ತಲೆಕೆಳಗಾದ ಶಂಕುವಿನ ಆಕಾರ ಅದಕ್ಕೆ. ಆ ಶಂಕುವಿನ ಅಂಚು ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದೇ ಸುತ್ತಲಿನ ಬಾವಿ, ಬೋರ್‌ವೆಲ್, ಒರತೆ, ಹಳ್ಳಗಳ ಹಣೆಬರಹ.

ಇದರ ಹಿಂದಿನ ನಿಯಮ ಹಳೆಯದು. ಫ್ರಾನ್ಸಿನ ಡಿಜೋನ್ ನಗರದ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲೇ ಅದನ್ನು ಬರೆದಿಟ್ಟ. ಮರಳಿನ ಮೂಲಕ ನೀರು ಹರಿಯುವ ವೇಗ ಎರಡು ವಿಷಯಗಳ ಮೇಲೆ ನಿಂತಿದೆ. ಒಂದು, ನೀರಿನ ಮಟ್ಟದ ಇಳಿಜಾರು. ಇನ್ನೊಂದು, ಆ ಪದರ ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಅನ್ನುವುದು. ಇವತ್ತು ಬಳಕೆಯಲ್ಲಿರುವ ಮಾಡ್‌ಫ್ಲೋನಂಥ ಕಂಪ್ಯೂಟರ್ ಮಾದರಿಗಳೂ ಇದನ್ನೇ ಸಾವಿರಾರು ಚೌಕಗಳಲ್ಲಿ ಮತ್ತೆ ಮತ್ತೆ ಲೆಕ್ಕ ಹಾಕುತ್ತವೆ. ತೊಂದರೆ ಇರುವುದು ಸಮೀಕರಣದಲ್ಲಲ್ಲ. ಜಲ್ಲಿಯಿಂದ ಜೇಡಿಯವರೆಗೆ ನೀರು ಬಿಡುವ ಗುಣ ಕೋಟಿ ಪಟ್ಟಿಗಿಂತಲೂ ಹೆಚ್ಚು ಬದಲಾಗುತ್ತದೆ. ಹತ್ತಾರು ಚದರ ಕಿಲೋಮೀಟರ್ ನೆಲದ ಗುಣವನ್ನು ಕೆಲವೇ ಬೋರ್ ಕೊರೆದು ತಿಳಿಯಬೇಕು. ನಡುವೆ ಒಂದು ಸ್ತರಭಂಗ, ಅಂದರೆ ಕಲ್ಲಿನ ಪದರಗಳು ಸೀಳಿ ಸರಿದ ಜಾಗ ಇದ್ದರೆ, ಅದು ನೀರಿಗೆ ಗೋಡೆಯೂ ಆಗಬಹುದು, ದಾರಿಯೂ ಆಗಬಹುದು. ಅಲ್ಲೇ ಬೋರ್ ಹಾಕಿ ಪರೀಕ್ಷಿಸದೆ ಗೊತ್ತಾಗುವುದಿಲ್ಲ.

ಆದ್ದರಿಂದ ವರದಿಯಲ್ಲಿ 'ನೀರಿನ ಮಟ್ಟ 1.4 ಮೀಟರ್ ಇಳಿಯುತ್ತದೆ' ಅಂತ ಒಂದೇ ಒಂದು ಅಂಕಿ ಕಂಡರೆ ಅನುಮಾನ ಪಡಬೇಕು. ಈವರೆಗಿನ ಅಳತೆಗಳಿಗೆ ಸರಿಹೊಂದುವ ಮಾದರಿ ಒಂದೇ ಇರುವುದಿಲ್ಲ, ನೂರಾರು ಇರಬಹುದು. ಅವೆಲ್ಲ ಹಿಂದಿನದನ್ನು ಒಂದೇ ಥರ ಹೇಳುತ್ತವೆ, ಮುಂದಿನದನ್ನು ಬೇರೆ ಬೇರೆ ಥರ ಹೇಳುತ್ತವೆ. ಪ್ರಾಮಾಣಿಕ ವರದಿ 'ಅರ್ಧ ಮೀಟರಿನಿಂದ 4 ಮೀಟರ್' ಅಂತ ವ್ಯಾಪ್ತಿ ಕೊಡುತ್ತದೆ. 4 ಮೀಟರ್ ಇಳಿದರೆ ಯಾವ ಯಾವ ಬಾವಿ ಬತ್ತುತ್ತದೆ ಅಂತಲೂ ಬರೆಯುತ್ತದೆ. ಓದುವವರಿಗೆ ಅದು ಕಡಿಮೆ ಖಚಿತ ಅನ್ನಿಸಬಹುದು. ಆದರೆ ನಂಬಬೇಕಾದದ್ದು ಅದನ್ನೇ.

ಗಣಿ ಬರುವ ಮೊದಲಿನ ನೀರು

ನಾನು ಯಾವುದೇ ವರದಿಯಲ್ಲಿ ಮೊದಲು ಹುಡುಕುವುದು ಗಣಿಗಿಂತ ಹಿಂದಿನ ಅಳತೆಗಳನ್ನು. ನೀರಿನ ಮಟ್ಟ ವರ್ಷವಿಡೀ ಒಂದೇ ಇರುವುದಿಲ್ಲ. ಮಳೆ ಮುಗಿದ ಮೇಲೆ ಏರುತ್ತದೆ, ಬೇಸಿಗೆಯ ಕೊನೆಗೆ ಇಳಿಯುತ್ತದೆ. ಬರ ಬಂದ ವರ್ಷ ಇನ್ನೂ ಕೆಳಗೆ ಹೋಗುತ್ತದೆ. ಹೊಲಗಳಿಗೆ ಪಂಪು ಜಾಸ್ತಿ ಓಡಿದರೂ ಇಳಿಯುತ್ತದೆ. ಮೂರು ತಿಂಗಳ ಅಳತೆ ಇಟ್ಟುಕೊಂಡು ಈ ಏರಿಳಿತವನ್ನು ತಿಳಿಯಲು ಆಗುವುದೇ ಇಲ್ಲ. ಭಾರತದಲ್ಲಿ ಪರಿಸರ ಪರಿಣಾಮ ವರದಿಗೆ ಸಾಮಾನ್ಯವಾಗಿ ಕೇಳುವುದು ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ. ಗಾಳಿಯ ದೂಳನ್ನು ಅಳೆಯಲು ಅದು ಸಾಕಾದೀತು. ನೀರಿನ ವಿಷಯದಲ್ಲಿ ಅದು ಏನೇನೂ ಸಾಲದು. ಅಂತರ್ಜಲಕ್ಕೆ ನೀರು ಇಂಗುವ ಕಾಲವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ ಅಲ್ವಾ? ಆಸ್ಟ್ರೇಲಿಯಾ 2013ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ದೊಡ್ಡ ಕಲ್ಲಿದ್ದಲು ಗಣಿಗಳು ನೀರಿನ ಮೇಲೆ ಮಾಡುವ ಪರಿಣಾಮವನ್ನು ಕೇಂದ್ರ ಸರ್ಕಾರವೇ ಪರಿಶೀಲಿಸಬೇಕು ಅಂತ ಮಾಡಿತು. ಅಲ್ಲಿನ ಸ್ವತಂತ್ರ ತಜ್ಞರ ಸಮಿತಿ ಕನಿಷ್ಠ ಎರಡು ವರ್ಷದ ಮೊದಲ ಅಳತೆ ಬೇಕು ಅನ್ನುತ್ತದೆ. ನನ್ನ ಪ್ರಕಾರ ಅದೂ ಕನಿಷ್ಠವೇ. ಒಂದು ಒಳ್ಳೆ ಮಳೆ ವರ್ಷ, ಒಂದು ಕೆಟ್ಟ ವರ್ಷ ಎರಡೂ ಸಿಗುವವರೆಗೆ ಅಳೆದರೆ ಅಳತೆಗೆ ಅರ್ಥ ಬರುತ್ತದೆ.

ಮೊದಲ ಅಳತೆ ಇಲ್ಲದಿದ್ದರೆ ನಷ್ಟ ಯಾರಿಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಣಿ ಶುರುವಾಗಿ ಆರು ವರ್ಷಕ್ಕೆ ಒಬ್ಬರ ಬಾವಿ ಬತ್ತಿತು ಅಂದುಕೊಳ್ಳಿ. ಅವರು ದೂರು ಕೊಡುತ್ತಾರೆ. 'ಈ ವರ್ಷ ಮಳೆ ಕಡಿಮೆ, ಅಕ್ಕಪಕ್ಕದವರು ಹೊಸ ಬೋರ್ ಹಾಕಿಸಿದ್ದಾರೆ' ಅನ್ನುವ ಉತ್ತರ ಬರುತ್ತದೆ. ಅದು ಸುಳ್ಳೇ ಆಗಿರಬೇಕಿಲ್ಲ, ನಿಜವೂ ಇರಬಹುದು. ಆದರೆ ನಿಜವೋ ಸುಳ್ಳೋ ಅಂತ ತೋರಿಸುವ ದಾಖಲೆ ಯಾರ ಬಳಿಯೂ ಇಲ್ಲ. ದಾಖಲೆ ಇಲ್ಲದ ಕಡೆ ರುಜುವಾತಿನ ಹೊರೆ ಬಾವಿಯವರ ತಲೆ ಮೇಲೆ ಬೀಳುತ್ತದೆ. ಹಾಗಾಗಿ ಗಣಿಗೆ ಮೊದಲೇ ಸುತ್ತಲಿನ ಪ್ರತಿ ಬಾವಿಯ ಗಣತಿ ಆಗಬೇಕು. ಬಾವಿ ಎಷ್ಟು ಆಳ, ಪಂಪು ಎಷ್ಟು ಅಡಿಯಲ್ಲಿದೆ, ಬೇಸಿಗೆಯಲ್ಲಿ ನೀರು ಎಲ್ಲಿರುತ್ತದೆ, ರುಚಿ ಹೇಗಿದೆ, ಎಷ್ಟು ಮನೆಗೆ ಅದರ ನೀರು. ಪಂಪಿನ ಮೇಲೆ 10 ಮೀಟರ್ ನೀರಿದ್ದರೆ 2 ಮೀಟರ್ ಇಳಿದರೂ ಮನೆಯವರಿಗೆ ಗೊತ್ತಾಗದೇ ಹೋಗಬಹುದು. ಒಂದೇ ಮೀಟರ್ ಇದ್ದರೆ ಅದೇ 2 ಮೀಟರ್ ಇಳಿತಕ್ಕೆ ಪಂಪು ಬರಿ ಗಾಳಿ ಎಳೆಯುತ್ತದೆ.

ಬರವನ್ನೂ ಗಣಿಯನ್ನೂ ಬೇರ್ಪಡಿಸುವುದು ಅಸಾಧ್ಯವೇನಲ್ಲ. ಗಣಿಯ ಶಂಕು ತಲುಪಲಾರದಷ್ಟು ದೂರದಲ್ಲಿ, ಅದೇ ಬಗೆಯ ಕಲ್ಲು ಮತ್ತು ಅದೇ ಮಳೆ ಇರುವ ಕಡೆ, ಒಂದಷ್ಟು ಬಾವಿಗಳನ್ನು ಹೋಲಿಕೆಗಾಗಿ ಆರಿಸಿಕೊಳ್ಳುತ್ತಾರೆ. ಎರಡೂ ಕಡೆಯ ಮಟ್ಟವನ್ನು ಗಣಿಗೆ ಮೊದಲೂ ಆಮೇಲೂ ಅಳೆಯುತ್ತಾರೆ. ಬರ ಬಂದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಗಣಿ ಕಡೆಯದು ಮಾತ್ರ ಹೆಚ್ಚು ಇಳಿದರೆ, ಮಳೆ ಬಂದ ಮೇಲೂ ಏರದಿದ್ದರೆ, ಬೆರಳು ಎತ್ತ ತೋರಿಸಬೇಕು ಅಂತ ತಿಳಿಯುತ್ತದೆ. ನೀರಿನ ವಯಸ್ಸೂ ಸಾಕ್ಷಿ ಹೇಳುತ್ತದೆ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಟ್ರಿಟಿಯಂ ಅನ್ನುವ ವಿಕಿರಣಶೀಲ ಹೈಡ್ರೋಜನ್ ಮಳೆಯಲ್ಲಿ ಸೇರಿತು. ಬಾವಿಯ ನೀರಿನಲ್ಲಿ ಅದು ಸಿಕ್ಕರೆ ಆ ನೀರಿಗೆ ಇತ್ತೀಚಿನ ದಶಕಗಳ ಮಳೆ ಸೇರಿದೆ ಅಂತ ಅರ್ಥ. ಟ್ರಿಟಿಯಂ ಇಲ್ಲದೆ, ಕಾಲ ಕಳೆದಂತೆ ನಿಧಾನಕ್ಕೆ ಕ್ಷೀಣಿಸುವ ಇಂಗಾಲ-14 ಕೂಡ ತೀರಾ ಕಡಿಮೆ ಇದ್ದರೆ ಅದು ಸಾವಿರಾರು ವರ್ಷ ಹಳೆಯದು. ಅಂಥ ನೀರನ್ನು ಎತ್ತಿ ಹಾಕಿದರೆ ಮುಂದಿನ ಮಳೆಗಾಲದಲ್ಲಿ ತುಂಬಿಕೊಳ್ಳುವುದಿಲ್ಲ.

ಅಮೆರಿಕದ ಅರಿಜೋನಾದ ಬ್ಲ್ಯಾಕ್ ಮೇಸಾದಲ್ಲಿ ಎತ್ತಿದ್ದು ಅಂಥ ಹಳೆಯ ನೀರು. ಪೀಬಾಡಿ ಕಂಪನಿ ಕಲ್ಲಿದ್ದಲನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 440 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ನೆವಾಡಾದ ವಿದ್ಯುತ್ ಸ್ಥಾವರಕ್ಕೆ ಕಳಿಸುತ್ತಿತ್ತು. ಮರುಭೂಮಿಯಂಥ ನೆಲ ಅದು. ಹೋಪಿ ಮತ್ತು ನವಾಹೋ ಜನ ಕುಡಿಯಲು ನಂಬಿದ್ದ ಜಲಪದರದ ನೀರು ಬರೀ ಕಲ್ಲಿದ್ದಲು ಸಾಗಿಸಲು ಹೋಯಿತು. 2005ರ ಕೊನೆಗೆ ಸ್ಥಾವರ ಮುಚ್ಚಿದಾಗಲೇ ಇದು ನಿಂತದ್ದು. ಒರತೆಗಳು ಸೊರಗಿದ್ದು ಗಣಿಯಿಂದಲೋ, ಬರದಿಂದಲೋ, ಊರುಗಳ ಬಳಕೆಯಿಂದಲೋ ಅನ್ನುವ ಜಗಳ ಅಲ್ಲೂ ವರ್ಷಗಟ್ಟಲೆ ನಡೆಯಿತು.

ಸರಾಸರಿ ಮುಚ್ಚಿಡುವುದು

ಹಳ್ಳ, ತೊರೆಗಳ ವಿಷಯಕ್ಕೆ ಬಂದರೆ ವರದಿಗಳಲ್ಲಿ ಒಂದು ವಾಕ್ಯ ಪದೇ ಪದೇ ಸಿಗುತ್ತದೆ: 'ವಾರ್ಷಿಕ ಹರಿವಿನಲ್ಲಿ ಶೇಕಡಾ 2ರಷ್ಟು ಇಳಿಕೆ, ಗಮನಾರ್ಹವಲ್ಲ.' ಇದನ್ನು ಒಂದು ಉದಾಹರಣೆ ಇಟ್ಟು ನೋಡೋಣ. ಒಂದು ತೊರೆಯಲ್ಲಿ ವರ್ಷದ ಸರಾಸರಿ ಸೆಕೆಂಡಿಗೆ 100 ಲೀಟರ್ ಹರಿಯುತ್ತದೆ ಅಂದುಕೊಳ್ಳಿ. ಅದರಲ್ಲಿ ಬಹುಪಾಲು ಮಳೆಗಾಲದ್ದು. ಬೇಸಿಗೆಯಲ್ಲಿ ಹರಿಯುವುದು ಬರೀ 3 ಲೀಟರ್, ಅದೂ ನೆಲದೊಳಗಿಂದ ಒಸರುವ ನೀರು. ಗಣಿ ಆ ಒಸರಿನಲ್ಲಿ ಸೆಕೆಂಡಿಗೆ 2 ಲೀಟರ್ ತನ್ನ ಕಡೆ ಎಳೆದುಕೊಂಡರೆ ವಾರ್ಷಿಕ ಲೆಕ್ಕದಲ್ಲಿ ಅದು ಶೇಕಡಾ 2 ಮಾತ್ರ. ಬೇಸಿಗೆಯ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು. ಮೀನು, ದನ, ಜನ ಎಲ್ಲರಿಗೂ ತೊರೆ ಬೇಕಾಗುವುದು ಆಗಲೇ. ವರದಿ ಸುಳ್ಳು ಹೇಳಿರುವುದಿಲ್ಲ, ಆದರೆ ಕೇಳಬೇಕಾದ ತಿಂಗಳನ್ನು ಕೇಳಿರುವುದಿಲ್ಲ.

ಸುರಂಗ ಗಣಿಯಲ್ಲಿ ಇನ್ನೊಂದು ಬಗೆಯ ಹಾನಿಯಿದೆ. ಕಲ್ಲಿದ್ದಲಿನ ಪದರವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಹಿಂದಿನ ಛಾವಣಿ ಕುಸಿಯಲು ಬಿಡುವ ವಿಧಾನ ಈಗ ಸಾಮಾನ್ಯ. ಅದರಿಂದ ಮೇಲಿನ ನೆಲ ಕೂರುತ್ತದೆ, ಕಲ್ಲು ಬಿರುಕು ಬಿಡುತ್ತದೆ. ಸಿಡ್ನಿ ನಗರದ ನೀರಿನ ಜಲಾನಯನದಲ್ಲಿರುವ ವರಾಟಾ ತೊರೆಯ ಕಲ್ಲಿನ ತಳ ಹೀಗೆ ಬಿರಿಯಿತು. ನೀರು ಬಿರುಕಿನೊಳಗೆ ಇಳಿದು, ಮಡುಗಳು ಒಣಗಿದವು. ಕೆಳಗೆ ಮತ್ತೆ ಹೊರಬಂದ ನೀರು ತುಕ್ಕಿನ ಬಣ್ಣದ್ದಾಗಿತ್ತು.

ತಿಳಿ ನೀರು ಹಳದಿಯಾಗುವುದು

ಈಗ ಗುಣಮಟ್ಟ. ಇಲ್ಲಿ ಮುಖ್ಯ ಪಾತ್ರ ಪೈರೈಟಿನದು. ಕಬ್ಬಿಣ ಮತ್ತು ಗಂಧಕ ಸೇರಿದ ಈ ಖನಿಜ ಕಲ್ಲಿದ್ದಲಿನಲ್ಲೂ ಅದರ ಸುತ್ತಲಿನ ಕಲ್ಲಿನಲ್ಲೂ ಇರುತ್ತದೆ. ನೆಲದಡಿ ಗಾಳಿ ತಾಗದಿರುವವರೆಗೆ ಅದು ತೆಪ್ಪಗಿರುತ್ತದೆ. ಅಗೆದು, ಒಡೆದು, ರಾಶಿ ಹಾಕಿದಾಗ ಗಾಳಿಯೂ ಮಳೆಯೂ ತಾಗಿ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಈ ಕ್ರಿಯೆಯ ವೇಗವನ್ನು ಬಹಳ ಹೆಚ್ಚಿಸುತ್ತವೆ. ಆಮ್ಲವು ಕಲ್ಲಿನಲ್ಲಿರುವ ಅಲ್ಯೂಮಿನಿಯಂ, ಮ್ಯಾಂಗನೀಸ್‌ನಂಥ ಲೋಹಗಳನ್ನು ಕರಗಿಸಿಕೊಂಡು ಹರಿಯುತ್ತದೆ. ಹಳ್ಳದ ಕಲ್ಲುಗಳ ಮೇಲೆ ಕಿತ್ತಳೆ-ಹಳದಿ ಲೇಪ ಕೂತಿದ್ದರೆ ಅದು ಕಬ್ಬಿಣದ ಗಸಿ. ಕಲ್ಲು ಎತ್ತಿ ತಳ ನೋಡಿದರೆ ಹುಳುಗಳೇ ಇರುವುದಿಲ್ಲ.

ಪರೀಕ್ಷೆಗೆ ನೀರಿನ ಮಾದರಿ ತೆಗೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ, ಅಂಕಿಗಳು ಎಷ್ಟು ಸುಲಭಕ್ಕೆ ಕೆಡುತ್ತವೆ ಅಂತ ತಿಳಿಯುತ್ತದೆ. ಅಳತೆ ಬೋರ್‌ನಿಂದ ಮೊದಲು ನೀರಿನ ಮಟ್ಟ ನೋಡುತ್ತಾರೆ. ತುದಿಯಲ್ಲಿ ಸೆನ್ಸರ್ ಇರುವ ಟೇಪು ಇಳಿಬಿಟ್ಟರೆ ನೀರು ತಾಗಿದ ಕೂಡಲೇ ಬೀಪ್ ಅನ್ನುತ್ತದೆ. ಕೊಳವೆಯಲ್ಲಿ ನಿಂತ ಹಳೆ ನೀರನ್ನು ಪಂಪು ಮಾಡಿ ಹೊರಹಾಕುತ್ತಾರೆ. ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ), ಉಷ್ಣತೆ, ವಿದ್ಯುತ್ ವಾಹಕತೆ (ಕರಗಿದ ಲವಣ ಹೆಚ್ಚಾದಷ್ಟೂ ಇದೂ ಹೆಚ್ಚು) ಮೂರೂ ಏರಿಳಿಯದೆ ಸ್ಥಿರವಾದ ಮೇಲೆ ಬಾಟಲಿ ತುಂಬುತ್ತಾರೆ. ಆಗ ನೀರು ಗಾಜಿನಷ್ಟು ತಿಳಿ ಇರಬಹುದು. ಅದನ್ನು ಹಾಗೇ ಬಿಸಿಲಲ್ಲಿ ಇಟ್ಟರೆ ಕರಗಿದ ಕಬ್ಬಿಣ ಗಾಳಿ ತಾಗಿ ಮಬ್ಬು ಹಳದಿಯಾಗುತ್ತದೆ, ತಳಕ್ಕೆ ಕೂರುತ್ತದೆ. ಪಿಎಚ್ ಬದಲಾಗುತ್ತದೆ. ಬೇರೆ ಲೋಹಗಳೂ ಆ ಗಸಿಗೆ ಅಂಟಿಕೊಳ್ಳುತ್ತವೆ. ಲ್ಯಾಬಿಗೆ ತಲುಪಿದ ಮೇಲೆ ತಿಳಿ ಭಾಗವನ್ನಷ್ಟೇ ಪರೀಕ್ಷಿಸಿದರೆ 'ಕಬ್ಬಿಣ ಮಿತಿಯೊಳಗಿದೆ' ಅಂತ ಬರುತ್ತದೆ. ಅದಕ್ಕೇ ಪಿಎಚ್ ಸ್ಥಳದಲ್ಲೇ ನೋಡಬೇಕು, ಲೋಹಕ್ಕೆ ಅಂತ ತೆಗೆದ ನೀರನ್ನು ಅಲ್ಲೇ ಸೋಸಿ ಕೆಲವು ಹನಿ ಆಮ್ಲ ಹಾಕಿ ಮುಚ್ಚಬೇಕು. ವರದಿಯ ಅನುಬಂಧದಲ್ಲಿ ಇದನ್ನು ಹೇಗೆ ಮಾಡಿದರು ಅಂತ ಬರೆದಿಲ್ಲದಿದ್ದರೆ ಆ ಪಟ್ಟಿಯ ಲೋಹದ ಅಂಕಿಗಳ ಮೇಲೆ ನಾನು ಭಾರ ಹಾಕುವುದಿಲ್ಲ.

ಎಲ್ಲ ಗಣಿಯಿಂದಲೂ ಆಮ್ಲ ಬರುವುದಿಲ್ಲ. ಕಲ್ಲಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಆಮ್ಲ ಅಲ್ಲೇ ತಟಸ್ಥವಾಗುತ್ತದೆ. ಜಾರ್ಖಂಡ್, ಛತ್ತೀಸ್‌ಗಢದ ಗೊಂಡ್ವಾನ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಮೇಘಾಲಯ, ಅಸ್ಸಾಂ ಕಲ್ಲಿದ್ದಲಿನಲ್ಲಿ ಜಾಸ್ತಿ. ಜೈಂತಿಯಾ ಬೆಟ್ಟಗಳಲ್ಲಿ ಜನ ಒಳಗೆ ತೆವಳಿಕೊಂಡು ಹೋಗುವಷ್ಟೇ ಅಗಲದ ಇಲಿಬಿಲ ಗಣಿಗಳು ಸಾವಿರಗಟ್ಟಲೆ ಹುಟ್ಟಿಕೊಂಡವು, ನದಿಗಳು ಆಮ್ಲೀಯವಾದವು. 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅವನ್ನು ನಿಷೇಧಿಸಿತು. ಒಂದೊಂದು ಗುಂಡಿಯನ್ನೂ ಬಿಡಿಯಾಗಿ ನೋಡಿದರೆ ತೀರಾ ಚಿಕ್ಕದು. ನದಿಗೆ ಬಂದು ಸೇರಿದ್ದು ಎಲ್ಲದರ ಒಟ್ಟು. ದೊಡ್ಡ ಗಣಿಗಳಿಗೂ ಇದೇ ಮಾತು. ಒಂದು ಜಲಾನಯನದಲ್ಲಿ ಐದು ಗಣಿ ಇದ್ದು, ಐದು ವರದಿಗಳೂ ತಂತಮ್ಮ ಪರಿಣಾಮ ಚಿಕ್ಕದು ಅಂದರೆ, ಐದನ್ನು ಕೂಡಿಸಿ ನೋಡುವ ಆರನೆಯ ವರದಿ ಬರೆಯುವವರು ಯಾರು? ಅಮೆರಿಕದ 1977ರ ಗಣಿ ಕಾನೂನಿನಲ್ಲಿ ಅದನ್ನು ಸರ್ಕಾರವೇ ಬರೆಯಬೇಕು ಅಂತಿದೆ. ಸರಿಯಾದ ಜಾಗ ಅದೇ.

ಪಿಎಚ್ ಸರಿಯಿದ್ದ ಮಾತ್ರಕ್ಕೆ ನೀರು ಸರಿಯಿದೆ ಅಂತಲೂ ಅಲ್ಲ. ಕೆನಡಾದ ಎಲ್ಕ್ ಕಣಿವೆಯಲ್ಲಿ ಬೆಟ್ಟದಷ್ಟು ಎತ್ತರದ ಗಣಿ ಕಲ್ಲಿನ ರಾಶಿಗಳಿವೆ. ಅಲ್ಲಿಂದ ಇಳಿಯುವ ನೀರಿನ ಸಮಸ್ಯೆ ಆಮ್ಲವಲ್ಲ, ಕಲ್ಲಿನಿಂದ ಕರಗಿ ಬರುವ ಸೆಲೆನಿಯಂ ಅನ್ನುವ ಧಾತು. ಅದು ಮೀನಿನ ಮೊಟ್ಟೆಯಲ್ಲಿ ಸೇರಿಕೊಂಡು ಮರಿಗಳನ್ನು ವಿಕಾರಗೊಳಿಸುತ್ತದೆ. 2021ರ ಮಾರ್ಚ್‌ನಲ್ಲಿ ಟೆಕ್ ಕೋಲ್ ಕಂಪನಿಗೆ ಅಲ್ಲಿನ ನ್ಯಾಯಾಲಯ 6 ಕೋಟಿ ಕೆನಡಿಯನ್ ಡಾಲರ್ ದಂಡ ಹಾಕಿತು. ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ ಶಿಖರ ಸ್ಫೋಟಿಸಿ, ಕಲ್ಲನ್ನು ಕಣಿವೆಗೆ ತುಂಬುತ್ತಾರೆ. ಆ ಕಣಿವೆಗಳಿಂದ ಬರುವ ನೀರಿನಲ್ಲಿ ಲವಣ ಎಷ್ಟಿದ್ದರೆ ಹಳ್ಳದ ಕೀಟಗಳು ಸಾಯುತ್ತವೆ ಅಂತ ಪರಿಸರ ಸಂರಕ್ಷಣಾ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿತು. ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ 300 ಮೈಕ್ರೋಸೀಮೆನ್ಸ್ ದಾಟಿದರೆ ಕೀಟಗಳ ಬಗೆಗಳು ಮಾಯವಾಗತೊಡಗುತ್ತವೆ ಅನ್ನುವುದು ಅದರ ತೀರ್ಮಾನ. ಜನ ದಿನವೂ ಕುಡಿಯುವ ಎಷ್ಟೋ ಬಾವಿಗಳ ನೀರಿನ ವಾಹಕತೆ ಇದಕ್ಕಿಂತ ಹೆಚ್ಚು. ಅಂದರೆ ಕುಡಿಯುವ ನೀರಿನ ಮಿತಿಯನ್ನು ಮಾತ್ರ ಹಿಡಿದು ಅಳೆದರೆ ತೊರೆಯ ಸಾವು ಕಾಣುವುದೇ ಇಲ್ಲ.

ಅಗೆದು ತೆಗೆದ ತ್ಯಾಜ್ಯದ ರಾಶಿಯನ್ನು ಎಲ್ಲಿ ಹಾಕುತ್ತಾರೆ ಅನ್ನುವುದೂ ನೀರಿನ ಪ್ರಶ್ನೆಯೇ. ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ 7ನೇ ರಾಶಿಯನ್ನು ಒರತೆಗಳ ಮೇಲೆ ಸುರಿದಿದ್ದರು. ಆ ಒರತೆಗಳು ಸರ್ಕಾರಿ ನಕ್ಷೆಯಲ್ಲೇ ಗುರುತಾಗಿದ್ದವು. 1966ರ ಅಕ್ಟೋಬರ್ 21ರಂದು ನೀರು ತುಂಬಿದ ರಾಶಿ ಕರಗಿ ಹರಿದು ಶಾಲೆಯ ಮೇಲೆ ಬಂತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು. ನಕ್ಷೆಯ ಮೇಲಿನ ಒರತೆಯ ಗುರುತನ್ನು ನೋಡಿ ಜಾಗ ಬದಲಿಸಿದ್ದರೆ ಸಾಕಿತ್ತು.

ಗಣಿ ಮುಚ್ಚಿದ ಮೇಲೆ

ವರದಿಗಳು ಬೇಗ ಮುಗಿಯುತ್ತವೆ ಅಂದೆನಲ್ಲ, ಅದು ಇಲ್ಲಿಗೆ ಸಂಬಂಧಿಸಿದ್ದು. ಗಣಿ 25 ವರ್ಷದ್ದು ಅಂದರೆ ಲೆಕ್ಕವೂ 25 ವರ್ಷಕ್ಕೆ ನಿಲ್ಲುವುದುಂಟು. ಆದರೆ ಪಂಪು ನಿಂತ ದಿನ ಶಂಕು ಮುಚ್ಚಿಕೊಳ್ಳುವುದಿಲ್ಲ. ಖಾಲಿ ಗುಂಡಿ ತುಂಬಲು ನೀರು ಸುತ್ತಲಿಂದಲೇ ಬರಬೇಕು. ಹಾಗಾಗಿ ಗಣಿಯ ಹತ್ತಿರ ಮಟ್ಟ ಏರುತ್ತಿದ್ದರೂ ದೂರದ ಬಾವಿಯಲ್ಲಿ ಇನ್ನೂ ಇಳಿಯುತ್ತಲೇ ಇರುತ್ತದೆ. ನೀರನ್ನು ನಿಧಾನಕ್ಕೆ ಬಿಡುವ ಕಲ್ಲಾದರೆ ದೂರದ ಒರತೆಗೆ ಗರಿಷ್ಠ ಹೊಡೆತ ಬೀಳುವುದು ಗಣಿ ಮುಚ್ಚಿ ದಶಕಗಳಾದ ಮೇಲೆ. ಅಷ್ಟರಲ್ಲಿ ಅಳೆಯುವವರು ಮನೆಗೆ ಹೋಗಿರುತ್ತಾರೆ.

ಕೊನೆಗೆ ಉಳಿಯುವ ಗುಂಡಿಯ ಗತಿ ಹವಾಮಾನದ ಮೇಲೆ ನಿಂತಿದೆ. ಮಳೆಗಿಂತ ಆವಿಯಾಗುವುದೇ ಜಾಸ್ತಿ ಇರುವ ಒಣ ಪ್ರದೇಶದಲ್ಲಿ ಅದು ಕಾಯಂ ಆಗಿ ಸುತ್ತಲಿನ ನೀರನ್ನು ಎಳೆಯುವ ಕೆರೆಯಾಗುತ್ತದೆ, ವರ್ಷದಿಂದ ವರ್ಷಕ್ಕೆ ಉಪ್ಪಾಗುತ್ತದೆ. ಮಳೆ ಹೆಚ್ಚಿರುವ ಕಡೆ ತುಂಬಿ ಹರಿಯುತ್ತದೆ, ಆಮ್ಲ ಇದ್ದರೆ ಅದನ್ನೂ ಹೊತ್ತು ಹೊಳೆಗೆ ಇಳಿಯುತ್ತದೆ. ದಕ್ಷಿಣ ಆಫ್ರಿಕಾದ ಎಮಲಹ್ಲೇನಿಯಲ್ಲಿ ಗಣಿಯ ಕೆಟ್ಟ ನೀರನ್ನು ಶುದ್ಧ ಮಾಡಿ ಊರಿಗೆ ಕುಡಿಯಲು ಕೊಡುವ ಘಟಕ 2007ರಿಂದ ನಡೆಯುತ್ತಿದೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಘಟಕಕ್ಕೆ ವಿದ್ಯುತ್ ಬೇಕು, ಸುಣ್ಣ ಬೇಕು, ಆಳು ಬೇಕು. ಕಲ್ಲಿದ್ದಲು ಮುಗಿದ ಮೇಲೂ ಬೇಕು.

ಕೆಲವು ಕಡೆ ಗಣಿ ನಿಂತದ್ದೇ ನೀರಿನ ಕೊರತೆ ತರುತ್ತದೆ. ಜರ್ಮನಿಯ ಲೌಜಿಟ್ಸ್ ಪ್ರದೇಶದ ಕಂದು ಕಲ್ಲಿದ್ದಲು ಗಣಿಗಳು ಎತ್ತಿದ ಅಂತರ್ಜಲವನ್ನು ತಲೆಮಾರುಗಳಿಂದ ಶ್ಪ್ರೇ ನದಿಗೆ ಬಿಡುತ್ತಿವೆ. ಒಣ ಬೇಸಿಗೆಯಲ್ಲಿ ನದಿಯ ದೊಡ್ಡ ಪಾಲು ಈ ನೀರೇ. ಕೆಳಗೆ ಬರ್ಲಿನ್ ನಗರ ಇದೆ, ಅದರ ಕುಡಿಯುವ ನೀರಿನ ಬಾವಿಗಳಿವೆ. ದೇಶ 2038ರೊಳಗೆ ಕಲ್ಲಿದ್ದಲು ಬಿಡಲು ಕಾನೂನು ಮಾಡಿದೆ. ಪಂಪು ನಿಂತರೆ ನದಿಗೆ ನೀರಿಲ್ಲ. ಅದೇ ಹೊತ್ತಿಗೆ ಖಾಲಿ ಗುಂಡಿಗಳನ್ನು ತುಂಬಲೂ ಅದೇ ನದಿಯ ನೀರು ಬೇಕು. ಹಳೆ ಗಣಿಗಳಿಂದ ಒಸರುವ ಸಲ್ಫೇಟ್ ಮತ್ತು ಕಬ್ಬಿಣ ಬೇರೆ. ನೀರು ಕಡಿಮೆಯಾದಷ್ಟೂ ಅದು ದಟ್ಟವಾಗುತ್ತದೆ.

ಜರ್ಮನಿಯದೇ ರೂರ್ ಪ್ರದೇಶದ ಕಥೆ ಇನ್ನೂ ಉದ್ದ. ಅಲ್ಲಿನ ಕೊನೆಯ ಕಲ್ಲಿದ್ದಲು ಗಣಿ ಪ್ರಾಸ್ಪರ್-ಹಾನಿಯಲ್ 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ನೂರಾರು ವರ್ಷ ಅಗೆದದ್ದರಿಂದ ನೆಲ ಕೆಲವು ಕಡೆ 20 ಮೀಟರಿಗೂ ಹೆಚ್ಚು ಕೂತಿದೆ. ಪಂಪು ನಿಲ್ಲಿಸಿದರೆ ಜನ ವಾಸಿಸುವ ಎಷ್ಟೋ ಜಾಗ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ಪಂಪು ಎಂದೆಂದಿಗೂ ಓಡಬೇಕು. ಅದರ ಖರ್ಚಿಗೆಂದೇ 2007ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿ, ಗಣಿ ಕಂಪನಿಯ ಆಸ್ತಿಯನ್ನು ಅದಕ್ಕೆ ವಹಿಸಿದರು. ಹಣ ಹೂಡಿ ಬಂದ ಆದಾಯದಲ್ಲಿ ಪಂಪು ನಡೆಯುತ್ತದೆ. ಜರ್ಮನಿಯಂಥ ಶ್ರೀಮಂತ ದೇಶಕ್ಕೆ, ಗಣಿಗಳೆಲ್ಲ ಒಂದೇ ಸಂಸ್ಥೆಯ ಕೈಯಲ್ಲಿದ್ದದ್ದರಿಂದ ಇದು ಸಾಧ್ಯವಾಯಿತು.

ಎಲ್ಲ ಕಡೆ ಹಾಗಿಲ್ಲ. ಅಮೆರಿಕದಲ್ಲಿ ಗಣಿ ಕಂಪನಿ ಮೊದಲೇ ಭದ್ರತಾ ಠೇವಣಿ ಇಡಬೇಕು ಅನ್ನುವ ನಿಯಮ 1977ರಿಂದ ಇದೆ. ಆದರೆ ಆರ್ಥಿಕವಾಗಿ ಗಟ್ಟಿ ಅನ್ನಿಸಿಕೊಂಡ ದೊಡ್ಡ ಕಂಪನಿಗಳಿಗೆ, ಹಣ ಇಡದೆ ಸುಮ್ನೆ ತಮ್ಮದೇ ಮಾತಿನ ಖಾತರಿ ಕೊಡಲು ಕೆಲವು ರಾಜ್ಯಗಳು ಬಿಟ್ಟವು. 2015 ಮತ್ತು 2016ರಲ್ಲಿ ದೊಡ್ಡ ಕಲ್ಲಿದ್ದಲು ಕಂಪನಿಗಳಾದ ಆಲ್ಫಾ, ಆರ್ಚ್, ಪೀಬಾಡಿ ಒಂದಾದ ಮೇಲೊಂದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದಾಗ ಆ ಖಾತರಿಗಳಿಗೆ ಏನು ಬೆಲೆ ಅನ್ನುವ ಪ್ರಶ್ನೆ ಎದ್ದಿತು. ಠೇವಣಿ ಇದ್ದ ಕಡೆಯೂ ಅದರ ಲೆಕ್ಕ ಹೆಚ್ಚಾಗಿ ಗುಂಡಿ ಮುಚ್ಚಿ, ನೆಲ ಸಮ ಮಾಡಿ, ಹುಲ್ಲು ಬಿತ್ತುವ ಖರ್ಚಿನದು. ನೀರನ್ನು 50 ವರ್ಷ, 100 ವರ್ಷ ಶುದ್ಧ ಮಾಡುವ ಖರ್ಚು ಅದರಲ್ಲಿ ಅಪರೂಪಕ್ಕೆ ಸೇರುತ್ತದೆ. ನೀರಿನ ವರದಿಯಲ್ಲಿ ಇಂತಿಷ್ಟು ವರ್ಷ ಶುದ್ಧೀಕರಣ ಬೇಕು, ಇಂತಿಷ್ಟು ಬಾವಿಗಳಿಗೆ ಬದಲಿ ನೀರು ಬೇಕು ಅಂತ ಬಂದರೆ, ಆ ಪಟ್ಟಿಯ ಪ್ರತಿ ಸಾಲಿನ ಪಕ್ಕದಲ್ಲೂ ಒಂದು ಮೊತ್ತ ಇರಬೇಕು. ಮೊದಲ ಸ್ಫೋಟಕ್ಕೆ ಮುಂಚೆಯೇ ಆ ಮೊತ್ತ ಕಂಪನಿಯ ಕೈಗೆ ಸಿಗದ ಖಾತೆಗೆ ಬಂದಿರಬೇಕು.